ಮಂಗನ ಕಾಯಿಲೆ "ಪಕ್ಕ ಕೂತರೆ ಬರುತ್ತೆ" ಅನ್ನೋ ಒಂದನೇ ಕ್ಲಾಸಿನವರಿಗೆ ಹೇಗೆ ಪಾಠ ಮಾಡೋದು?

ನಲಿಕಲಿ ಟೀಚರ್ (ಹೊಸನಗರ ತಾಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮದು ಕಾಡಂಚಿನ ಕಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಮೂರನೇ ತರಗತಿ ತನಕ ಒಂದೇ ಕೋಣೆ, ಹತ್ತೊಂಬತ್ತು ಮಕ್ಕಳು. ಪ್ರೊಜೆಕ್ಟರ್ ಇಲ್ಲ. ಇದ್ದಿದ್ದರೂ ಕರೆಂಟು ಇರುತ್ತಿರಲಿಲ್ಲ ಬಿಡಿ.

ಡಿಸೆಂಬರ್ ಬಂತು ಅಂದರೆ ನಮ್ಮ ಕಡೆ ಮಂಗನ ಕಾಯಿಲೆಯ ಮಾತು ಶುರುವಾಗುತ್ತದೆ. ಈ ಸಲ ಶಾಲೆಯ ಹಿಂದಿನ ಸೊಪ್ಪಿನ ಬೆಟ್ಟದಲ್ಲೇ ಒಂದು ಮುಸಿಯ (ಕರಿಮೂತಿಯ ಮಂಗ) ಸತ್ತು ಬಿದ್ದಿತ್ತು. ಇಲಾಖೆಯವರು ಬಂದು ಅದನ್ನು ಸುಟ್ಟು, ಸುತ್ತ ಪುಡಿ ಹಾಕಿ ಹೋದರು. ಸ್ವಲ್ಪ ದಿನಕ್ಕೆ ಎರಡನೇ ತರಗತಿಯ ಒಬ್ಬ ಹುಡುಗನ ಅಪ್ಪನಿಗೆ ಜ್ವರ ಬಂತು. ರಕ್ತ ಪರೀಕ್ಷೆಯಲ್ಲಿ ಮಂಗನ ಕಾಯಿಲೆ ಅಂತಲೇ ಆಯಿತು. ದೇವರು ದೊಡ್ಡವನು, ಹುಷಾರಾಗಿ ಮನೆಗೆ ಬಂದಿದ್ದಾರೆ. ಹುಡುಗನಿಗೆ ಏನೂ ಆಗಿಲ್ಲ. ಒಂದು ಸೀನು ಕೂಡ ಸೀನಿಲ್ಲ ಅವನು.

ಆದರೆ ಬಿಸಿಯೂಟದ ಸಾಲಿನಲ್ಲಿ ಅವನ ಪಕ್ಕ ಯಾರೂ ಕೂರುತ್ತಿಲ್ಲ. ಅವನು ಮುಟ್ಟಿದ ಲೋಟ ಮುಟ್ಟುವುದಿಲ್ಲ. ಯಾಕೆ ಅಂತ ಕೇಳಿದೆ. ಒಂದನೇ ಕ್ಲಾಸಿನ ಪುಟ್ಟಿಯೊಬ್ಬಳು ನನಗೇ ಪಾಠ ಮಾಡಿದಳು: "ಅವನ ಕೈಯಲ್ಲಿ ಕ್ರಿಮಿ ಇರುತ್ತೆ ಟೀಚರ್. ಅರಿಸಿನ ಪುಡಿ ತರ ನಮಗೂ ಅಂಟುತ್ತೆ."

ಅರಿಸಿನ ಪುಡಿ ಎಲ್ಲಿಂದ ಬಂತು ಅಂತೀರಾ? ಹಿಂದೊಮ್ಮೆ ಹೊರಗಿನಿಂದ ಬಂದವರು ಕೈ ತೊಳೆಯುವ ಪಾಠ ಮಾಡಿದ್ದರು. ಒಬ್ಬನ ಅಂಗೈಗೆ ಅರಿಸಿನ ಹಚ್ಚಿ, ಎಲ್ಲರ ಕೈ ಕುಲುಕಿಸಿ, "ನೋಡಿ, ಕ್ರಿಮಿ ಹೀಗೇ ಹರಡುತ್ತದೆ" ಅಂದಿದ್ದರು. ಚೆಂದದ ಪಾಠ, ಮಕ್ಕಳು ಮರೆತೇ ಇಲ್ಲ. ಈಗ ಅದನ್ನೇ ಎಲ್ಲ ಕಾಯಿಲೆಗೂ ಹಚ್ಚುತ್ತಿದ್ದಾರೆ.

ಮೂರನೇ ಕ್ಲಾಸಿನ ಗಂಡು ಹುಡುಗರದ್ದು ಬೇರೆ ಕಥೆ. ಮಂಗ ಕಂಡರೆ ಕಲ್ಲು ಬೀರುತ್ತಾರೆ. "ಕಾಯಿಲೆ ತರೋದು ಅದೇ ಅಲ್ವಾ ಟೀಚರ್?"

ನಮ್ಮ ದೇಹ ಕಾಯಿಲೆಯನ್ನು ಹೇಗೆ ಎದುರಿಸುತ್ತದೆ ಅನ್ನುವುದನ್ನೂ ಹೇಳಬೇಕು ಅಂತ ಆಸೆ. ಸಿಗುವ ಚಾರ್ಟುಗಳಲ್ಲೆಲ್ಲ ಕತ್ತಿ ಹಿಡಿದ ಬಿಳಿ ಸೈನಿಕರು, ಕೊಂಬಿರುವ ಹಸಿರು ರಾಕ್ಷಸರು. ಅಂಥದ್ದೊಂದು ಚಿತ್ರ ನೋಡಿ ಆ ಹುಡುಗ ಕೇಳಿದ, "ಹಾಗಾದ್ರೆ ನಮ್ಮಪ್ಪನ ಸೈನಿಕರು ಸೋತ್ರಾ?" ಏನು ಹೇಳಲಿ?

ಆರರಿಂದ ಎಂಟು ವರ್ಷದ ಮಕ್ಕಳಿಗೆ ಇದನ್ನು ಹೆದರಿಸದೆ, ಸುಳ್ಳೂ ಹೇಳದೆ ಕಲಿಸಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.

---

ಸಿಸ್ಟರ್ (ಸಾಗರ ಕಡೆ ಪಿಎಚ್‌ಸಿ)

ಮೇಡಂ, ಮೊದಲು ಆ ಹುಡುಗನ ವಿಷಯ. ನಾಳೆ ಊಟಕ್ಕೆ ನೀವೇ ಅವನ ಪಕ್ಕ ಕೂತುಕೊಳ್ಳಿ. ಪಾಠ ಆಮೇಲೆ ಮಾಡಿದರಾಯಿತು.

ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಪಕ್ಕ ಕೂತರೂ ಇಲ್ಲ, ಒಂದೇ ಲೋಟದಲ್ಲಿ ನೀರು ಕುಡಿದರೂ ಇಲ್ಲ. ಸಾಮಾನ್ಯವಾಗಿ ಉಣುಗು (ರಕ್ತ ಹೀರುವ ಸಣ್ಣ ಹುಳ) ಕಚ್ಚಬೇಕು, ಆ ಉಣುಗಿನಲ್ಲಿ ವೈರಸ್ ಇರಬೇಕು. ನಮ್ಮ ಆಸ್ಪತ್ರೆಯಲ್ಲೂ ಈ ಜ್ವರದವರನ್ನು ಬೇರೆ ಕೋಣೆಗೆ ಹಾಕಿ ಬಾಗಿಲು ಮುಚ್ಚುವುದಿಲ್ಲ. ಕೊರೊನಾ ಕಾಲದಲ್ಲಿ ದೊಡ್ಡವರು ಕಲಿತ ಅಭ್ಯಾಸವೇ ಮಕ್ಕಳಿಗೆ ಇಳಿದಿದೆ ಅಂತ ಕಾಣುತ್ತದೆ.

ಮಂಗನ ವಿಷಯ. ಅದು ಕಾಯಿಲೆ ತಂದಿಲ್ಲ, ಅದಕ್ಕೂ ಕಾಯಿಲೆ ಬಂದಿದೆ. ನಮಗಿಂತ ಜೋರಾಗಿ ಬರುತ್ತದೆ, ಬಹಳಷ್ಟು ಸಾಯುತ್ತವೆ. ಸತ್ತ ಮಂಗನ ಮೈಮೇಲಿದ್ದ ಉಣುಗುಗಳು ಅಲ್ಲೇ ದರಗಿನೊಳಗೆ (ಉದುರಿದ ಒಣ ಎಲೆಗಳೊಳಗೆ) ಉದುರುತ್ತವೆ. ಹಾಗಾಗಿ ಆ ಜಾಗ ಅಪಾಯ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಈ ರೋಗ ಪತ್ತೆಯಾಗಿದ್ದೂ ಹಾಗೆಯೇ. ಮಂಗಗಳು ಸಾಲಾಗಿ ಸಾಯುತ್ತಿದ್ದವು, ಸುತ್ತಲಿನ ಊರಲ್ಲಿ ಜ್ವರ. ಒಂದು ರೀತಿಯಲ್ಲಿ ಮಂಗಗಳೇ ನಮಗೆ ಮೊದಲು ಸುದ್ದಿ ಕೊಡುವುದು. ಕಲ್ಲು ಬೀರುವ ನಿಮ್ಮ ಹುಡುಗರಿಗೆ ಒಂದು ಕೆಲಸ ಕೊಡಿ: ಸತ್ತ ಮಂಗ ಕಂಡರೆ ಹತ್ತಿರ ಹೋಗಬಾರದು, ಓಡಿ ಬಂದು ದೊಡ್ಡವರಿಗೆ ಹೇಳಬೇಕು. ಜವಾಬ್ದಾರಿ ಕೊಟ್ಟರೆ ಆ ವಯಸ್ಸಿನವರು ಬಹಳ ಚೆನ್ನಾಗಿ ಮಾಡುತ್ತಾರೆ.

ಡಿಸೆಂಬರಿನಿಂದ ಮೇ ತನಕ ಓಡಾಡುವುದು ಮರಿ ಉಣುಗು. ಎಷ್ಟು ಚಿಕ್ಕದು ಅಂದರೆ ಕಣ್ಣಿಗೆ ಬೀಳುವುದೇ ಕಷ್ಟ. ಮಕ್ಕಳಿಗೆ ಇಷ್ಟು ಅಭ್ಯಾಸ ಮಾಡಿಸಿ: ಕಾಡಿಗೆ, ದರಗು ತರಲು ಹೋಗುವ ಮೊದಲು ಉಣುಗು ಹತ್ತದಂತೆ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಬೇಕು. ಬಂದ ಮೇಲೆ ಬಿಸಿನೀರಲ್ಲಿ ಸೋಪು ಹಾಕಿ ಸ್ನಾನ. ಬಟ್ಟೆ ಬೇರೆ ತೊಳೆಯಬೇಕು. ಕಿವಿಯ ಹಿಂದೆ, ಕಂಕುಳು, ತೊಡೆಸಂದಿ ಅಮ್ಮನ ಹತ್ತಿರ ನೋಡಿಸಬೇಕು. ಕಚ್ಚಿಕೊಂಡಿದ್ದರೆ ಬೆರಳಲ್ಲಿ ಹಿಚುಕಬಾರದು, ಚಿಮುಟದಲ್ಲಿ ಚರ್ಮದ ಹತ್ತಿರ ಹಿಡಿದು ತೆಗೆಯಬೇಕು. ಮನೆಯ ಗೋಡೆಗೆ ತಾಗಿಸಿ ದರಗಿನ ರಾಶಿ ಹಾಕುವ ಅಭ್ಯಾಸ ಇದ್ದರೆ ಅದನ್ನು ಬಿಡಿಸಿ. ಇದು ಮಕ್ಕಳಿಗಲ್ಲ, ಅಪ್ಪಂದಿರಿಗೆ.

ಲಸಿಕೆ ಬಗ್ಗೆ ಯಾರಾದರೂ ಕೇಳಿದರೆ: ಹಳೇ ಲಸಿಕೆಯನ್ನು 2022ರಿಂದ ಕೊಡುತ್ತಿಲ್ಲ. ರಕ್ಷಣೆ ಸಾಲದು ಅಂತ ನಿಲ್ಲಿಸಿದರು. ಹೊಸದೊಂದರ ಕೆಲಸ ನಡೆದಿದೆ. ಅಲ್ಲಿಯ ತನಕ ಎಣ್ಣೆ ಮತ್ತು ಎಚ್ಚರ, ಇಷ್ಟೇ.

---

ಹಳೇ ಮೇಷ್ಟ್ರು (ಸಿದ್ದಾಪುರ)

ಟೀಚರಮ್ಮ, ನಿಮ್ಮ ಪುಟ್ಟಿಯ ಮಾತು ಕೇಳಿ ನನಗೆ ಸಂತೋಷವೇ ಆಯಿತು. ಕಲಿಸಿದ್ದನ್ನು ಹಾಗೇ ಬಳಸಿದ್ದಾಳೆ. ಅವಳಿಗೆ ಕೊಟ್ಟ ಪಾಠ ಅರ್ಧ, ಅಷ್ಟೇ. "ಕ್ರಿಮಿ" ಅಂತ ಒಂದೇ ಮಾತು ಹೇಳಿ ಒಂದೇ ಪ್ರಯೋಗ ತೋರಿಸಿದರೆ, ಮಕ್ಕಳ ತಲೆಯಲ್ಲಿ ಎಲ್ಲ ಕಾಯಿಲೆಯೂ ಕೈಯಿಂದ ಕೈಗೆ ದಾಟುತ್ತದೆ. ನಾನು ಸಣ್ಣ ಮಕ್ಕಳಿಗೆ ಕ್ರಿಮಿಯಿಂದ ಶುರು ಮಾಡುತ್ತಲೇ ಇರಲಿಲ್ಲ. ದಾರಿಯಿಂದ ಶುರು ಮಾಡುತ್ತಿದ್ದೆ. ಈ ಕಾಯಿಲೆ ಯಾವ ದಾರಿಯಲ್ಲಿ ಬರುತ್ತದೆ?

ಅಂಗಳದಲ್ಲಿ ರಂಗೋಲಿ ಪುಡಿಯಲ್ಲಿ ನಾಲ್ಕು ದಾರಿ ಬರೆಯಿರಿ. ಕೈ ಮತ್ತು ಬಟ್ಟೆಯ ದಾರಿ, ಗಾಳಿಯ ದಾರಿ, ಊಟ-ನೀರಿನ ದಾರಿ, ಹುಳದ ದಾರಿ. ನಿಮ್ಮ ಊರಲ್ಲಿ ನಿಜವಾಗಿ ಇರುವ ಕಾಯಿಲೆಗಳ ಚೀಟಿ ಮಾಡಿ. ಪುಸ್ತಕದಲ್ಲಿ ಇರುವುದೆಲ್ಲ ಬೇಡ. ಕಜ್ಜಿ, ಹೇನು, ಕೆಂಗಣ್ಣು, ನೆಗಡಿ, ದಡಾರ, ವಾಂತಿ-ಭೇದಿ, ಜಂತುಹುಳ, ಡೆಂಗಿ, ಮಂಗನ ಕಾಯಿಲೆ. ಮಕ್ಕಳು ಚೀಟಿ ಹಿಡಿದು ಯಾವ ದಾರಿಯಲ್ಲಿ ನಿಲ್ಲಬೇಕು ಅಂತ ಜಗಳ ಆಡಲಿ. ಜಗಳ ಆಗಲೇಬೇಕು. ನಮ್ಮ ಶಾಲೆಯಲ್ಲಿ ಇಲಿ ಜ್ವರದ ಚೀಟಿಗೆ ದೊಡ್ಡ ಗಲಾಟೆ ಆಗಿತ್ತು. ಇಲಿ ಕಚ್ಚುವುದಿಲ್ಲ, ಆ ನೀರನ್ನು ಯಾರೂ ಬೇಕಂತ ಕುಡಿಯುವುದೂ ಇಲ್ಲ. ಇಲಿಯ ಉಚ್ಚೆ ಗದ್ದೆ ನೀರಿಗೆ ಸೇರುತ್ತದೆ, ಕಾಲಿನ ಗಾಯದಿಂದ ಒಳಗೆ ಹೋಗುತ್ತದೆ. ಯಾವ ದಾರಿಗೂ ಹೊಂದಲಿಲ್ಲ. ಕೊನೆಗೆ ಒಬ್ಬ ಹುಡುಗಿ ಐದನೇ ದಾರಿ ಬರೆದೇಬಿಟ್ಟಳು. ಕೆಂಗಣ್ಣಿನ ಚೀಟಿ ಬಂದಾಗ "ಕಣ್ಣು ನೋಡಿದರೆ ಬರುತ್ತದೆ" ಅಂತ ಅರ್ಧ ಕ್ಲಾಸು ಹೇಳುತ್ತದೆ. ನೋಡಿದರೆ ಬರುವುದಿಲ್ಲ. ಕಣ್ಣು ಉಜ್ಜಿದ ಕೈ, ಆ ಕೈ ಒರೆಸಿದ ಟವೆಲ್ಲು, ಅಲ್ಲಿಂದ ಬರುತ್ತದೆ.

ಮುಖ್ಯವಾದದ್ದು ಈಗ ಹೇಳುತ್ತೇನೆ. ಅಂಗಳದ ಒಂದು ಮೂಲೆಯಲ್ಲಿ ದಾರಿಯೇ ಇಲ್ಲದ ಒಂದು ಚೌಕ ಬರೆಯಿರಿ. ತೊನ್ನು, ಸಕ್ಕರೆ ಕಾಯಿಲೆ, ಉಬ್ಬಸ, ಮೂರ್ಛೆ ರೋಗ ಅಲ್ಲಿಗೆ. ಇವು ಯಾರಿಂದ ಯಾರಿಗೂ ಹೋಗುವುದಿಲ್ಲ. ತೊನ್ನು ಇರುವವರ ಮನೆಯಲ್ಲಿ ನೀರು ಕುಡಿಯದ ಜನ ಇವತ್ತೂ ಇದ್ದಾರೆ. ಏಳು ವರ್ಷಕ್ಕೆ ಆ ಚೌಕ ನೋಡಿದ ಮಗು ಮುಂದೆ ಹಾಗೆ ಮಾಡಲಿಕ್ಕಿಲ್ಲ ಅನ್ನುವುದು ನನ್ನ ಆಸೆ.

ಮಂಗನ ಕಾಯಿಲೆಯ ಚೀಟಿ ಹುಳದ ದಾರಿಯಲ್ಲಿ ನಿಂತಾಗ ನೀವು ಒಂದೇ ಪ್ರಶ್ನೆ ಕೇಳಿ. "ಈ ದಾರಿಯಲ್ಲಿ ನಿಮ್ಮ ಗೆಳೆಯ ಎಲ್ಲಿದ್ದಾನೆ?" ಉತ್ತರ ಅವರೇ ಹೇಳಲಿ.

ಇನ್ನು ದೇಹದ ಪಾಠ. ಚಾರ್ಟು ಪಕ್ಕಕ್ಕಿಡಿ. ಮಕ್ಕಳ ಮೊಣಕಾಲು ನೋಡಿ. ಹಕ್ಕಳೆ ಇಲ್ಲದ ಮೊಣಕಾಲು ನಮ್ಮ ಮಲೆನಾಡಿನ ಶಾಲೆಯಲ್ಲಿ ಸಿಗುತ್ತದಾ? ಬಿದ್ದ ಕೂಡಲೇ ಏನಾಯಿತು, ಮಾರನೇ ದಿನ ಏನಾಯಿತು ಅಂತ ಅವರಿಂದಲೇ ಹೇಳಿಸಿ. ಕೆಂಪಾಯಿತು, ಬಿಸಿಯಾಯಿತು, ಊದಿತು. ಆ ಜಾಗಕ್ಕೆ ಜಾಸ್ತಿ ರಕ್ತ ಹರಿದು ಬರುತ್ತಿದೆ, ಅದರ ಜೊತೆ ಬಿಳಿ ರಕ್ತಕಣ ಬರುತ್ತಿವೆ. ಕೀವು ಅಂದರೆ ಬಹುಪಾಲು ಕೆಲಸ ಮುಗಿಸಿ ಸತ್ತ ಬಿಳಿ ರಕ್ತಕಣಗಳೇ. ಇದನ್ನು ಹೇಳಿದಾಗ ಮಕ್ಕಳು "ಛೀ" ಅಂತಾರೆ, ಆದರೆ ಕಣ್ಣು ಅರಳಿರುತ್ತದೆ. ಕಾಲಿನ ಗಾಯ ಪಕ್ವ ಆದರೆ ತೊಡೆಸಂದಿಯಲ್ಲಿ ಗಂಟು ಬರುವುದು ಹಳ್ಳಿ ಮಕ್ಕಳಿಗೆ ಗೊತ್ತು. ಅದೂ ಇದೇ ಕೆಲಸದ ಜಾಗ. ಜ್ವರವೂ ಅಷ್ಟೆ. ದೇಹ ತಾನೇ ಬಿಸಿ ಏರಿಸಿಕೊಂಡು ಕೆಲಸ ಮಾಡುತ್ತಿರುತ್ತದೆ. ಹಾಗಂತ ಜ್ವರ ಬಂದರೆ ಸುಮ್ನೆ ಇರಬೇಕು ಅಂತಲ್ಲ, ದೊಡ್ಡವರಿಗೆ ಹೇಳಬೇಕು. ಇದನ್ನು ತಪ್ಪದೆ ಸೇರಿಸಿ.

ಆಮೇಲೆ ಎಲ್ಲರೂ ಎಡತೋಳು ನೋಡಿಕೊಳ್ಳಲಿ. ಹುಟ್ಟಿದಾಗ ಹಾಕಿದ ಬಿಸಿಜಿ (ಕ್ಷಯದ ಲಸಿಕೆ) ಚುಚ್ಚುಮದ್ದಿನ ಸಣ್ಣ ಕಲೆ ಇರುತ್ತದೆ. ಕೆಲವರಿಗೆ ಇರುವುದಿಲ್ಲ, ಅವರು ಅಳುತ್ತಾರೆ. ಕಲೆ ಬೀಳದಿದ್ದರೆ ಲಸಿಕೆ ಕೆಲಸ ಮಾಡಿಲ್ಲ ಅಂತಲ್ಲ, ಸಮಾಧಾನ ಮಾಡಿ. ಮನೆಗೆ ಹೋಗಿ ಅಜ್ಜ-ಅಜ್ಜಿಯ ಕೈ ನೋಡಿ ಬರಲು ಹೇಳಿ. ಅಲ್ಲಿ ಇನ್ನೂ ದೊಡ್ಡ ಕಲೆ ಇರುತ್ತದೆ, ಸಿಡುಬಿಗೆ ದಾಕು ಹಾಕಿಸಿಕೊಂಡದ್ದು. ಅಮ್ಮ-ಅಪ್ಪನ ಕೈಯಲ್ಲಿ ಆ ಕಲೆ ಇಲ್ಲ. ಯಾಕೆ? 1980ರಲ್ಲಿ ಸಿಡುಬು ಭೂಮಿಯ ಮೇಲೆ ಎಲ್ಲೂ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು, ದಾಕು ಹಾಕುವುದೇ ನಿಂತಿತು. ಒಂದು ಮನೆಯ ಮೂರು ತಲೆಮಾರಿನ ಕೈಯಲ್ಲೇ ಇಷ್ಟು ಪಾಠ ಇದೆ.

ಸೈನಿಕರ ಬದಲಿಗೆ ನಾನು ಆಡಿಸುತ್ತಿದ್ದ ಆಟ ಇದು. ರಟ್ಟಿನ ತುಂಡುಗಳನ್ನು ಎರಡು ಭಾಗವಾಗಿ ಕತ್ತರಿಸಿ, ಒಂದೊಂದರ ಅಂಚು ಒಂದೊಂದು ತರ: ಅಂಕುಡೊಂಕು, ಗರಗಸ, ಅರ್ಧ ಚಂದ್ರ. ಒಂದು ಭಾಗ ಮಕ್ಕಳ ಕೈಗೆ, ಇನ್ನೊಂದು ನಿಮ್ಮ ಚೀಲಕ್ಕೆ. ಮಕ್ಕಳು ದೇಹದೊಳಗಿನ ಕಣಗಳು. ನೀವು ಚೀಲದಿಂದ ಒಂದು ತುಂಡು ತೆಗೆದು "ಹೊಸಬರು ಬಂದರು" ಅನ್ನಿ. ಎಲ್ಲರೂ ಒಬ್ಬೊಬ್ಬರಾಗಿ ಬಂದು ಜೋಡಿಸಿ ನೋಡಬೇಕು. ಒಬ್ಬರದ್ದು ಮಾತ್ರ ಸರಿಯಾಗಿ ಕೂರುತ್ತದೆ. ಅಷ್ಟು ಹೊತ್ತಿಗೆ ಎಷ್ಟೋ ಸಮಯ ಹೋಗಿರುತ್ತದೆ. ನಿಜವಾದ ದೇಹದಲ್ಲೂ ಹೊಸ ರೋಗಕ್ಕೆ ಸರಿಯಾದ ಪ್ರತಿಕಾಯ (ಆ ರೋಗಾಣುವಿಗೇ ಹೊಂದಿ ಅಂಟುವ ವಸ್ತು) ತಯಾರಾಗಲು ಒಂದೆರಡು ವಾರ ಹಿಡಿಯುತ್ತದೆ, ಆ ದಿನಗಳಲ್ಲೇ ನಾವು ಮಲಗಿರುವುದು. ಈಗ ಜೋಡಿಯಾದ ಮಗು ತನ್ನ ತುಂಡಿನಂತೆ ಇನ್ನೂ ನಾಲ್ಕು ಕತ್ತರಿಸಿ ಗೆಳೆಯರಿಗೆ ಕೊಡಲಿ. ಎರಡನೇ ಸಲ ಅದೇ ತುಂಡು ಚೀಲದಿಂದ ಹೊರಬಂದರೆ ಐದು ಕೈ ಒಟ್ಟಿಗೆ ಮೇಲೇಳುತ್ತವೆ. ಲಸಿಕೆ ಅಂದರೆ ಏನು ಅಂತ ಆಗ ಹೇಳಿ: ಕಾಯಿಲೆ ಬರುವ ಮೊದಲೇ ಅದರ ಅಂಚನ್ನು ತೋರಿಸಿಡುವುದು.

ಆ ಹುಡುಗನ ಪ್ರಶ್ನೆಗೂ ಇಲ್ಲೇ ಉತ್ತರ ಇದೆ. ಅವನ ಅಪ್ಪನ ದೇಹ ಸೋತಿಲ್ಲ. ಹೊಸ ತುಂಡು, ಹುಡುಕಲು ಹೊತ್ತು ಹಿಡಿಯಿತು. ಸಿಕ್ಕಿತು, ಮನೆಗೆ ಬಂದರು.

---

ಸುಮ್ನೆ ಅಪ್ಪ (ಬೆಂಗಳೂರು)

ಮೇಷ್ಟ್ರೇ, ಆಟ ಸೂಪರ್. ಆದರೆ ಸೈನಿಕರ ಕಥೆ ಅಷ್ಟೊಂದು ಕೆಟ್ಟದ್ದಾ? ನನ್ನ ಮಗಳಿಗೆ ಏಳು ವರ್ಷ. ಅವಳಿಗೆ ಆ ಕಾರ್ಟೂನ್ ಅಂದರೆ ಪ್ರಾಣ. ಇಂಜೆಕ್ಷನ್‌ಗೆ ಹೋದಾಗ "ಸೈನಿಕರಿಗೆ ಟ್ರೇನಿಂಗ್" ಅಂತ ಹೇಳಿದರೆ ಅಳದೆ ಕೈ ಕೊಡುತ್ತಾಳೆ.

ಇನ್ನೊಂದು, ನೀರಿನ ಮೇಲೆ ಕಾಳುಮೆಣಸಿನ ಪುಡಿ ಹಾಕಿ, ಸೋಪು ಹಚ್ಚಿದ ಬೆರಳು ಅದ್ದಿದರೆ ಪುಡಿ ಓಡಿಹೋಗುತ್ತಲ್ಲ, ಆ ಪ್ರಯೋಗವನ್ನೂ ಮಾಡಿಸಿ ಟೀಚರ್. ಮಕ್ಕಳು ಹುಚ್ಚೆದ್ದು ನೋಡುತ್ತಾರೆ.

---

ಹಳೇ ಮೇಷ್ಟ್ರು (ಸಿದ್ದಾಪುರ)

ನಿಮ್ಮ ಮಗಳು ಅಳದೆ ಇಂಜೆಕ್ಷನ್ ತಗೊಂಡರೆ ಸೈನಿಕರು ಇರಲಿ ಸ್ವಾಮಿ, ನನ್ನದೇನು ತಕರಾರಿಲ್ಲ. ಮನೆಯಲ್ಲಿ ಎಲ್ಲರೂ ಗಟ್ಟಿಯಾಗಿರುವಾಗ ಆ ಕಥೆ ಚೆಂದ. ಕ್ಲಾಸಿನಲ್ಲಿ ಯಾರೋ ಒಬ್ಬರ ಮನೆಯಲ್ಲಿ ಕಾಯಿಲೆ ಇದ್ದೇ ಇರುತ್ತದೆ. ಯಾರದೋ ಅಜ್ಜಿ ತೀರಿಕೊಂಡಿರುತ್ತಾರೆ. ಯುದ್ಧದ ಕಥೆ ಹೇಳಿದ ಮೇಲೆ ಗೆದ್ದವರು, ಸೋತವರು ಅಂತ ಆಗಿಯೇ ಆಗುತ್ತದೆ. ಆ ಹುಡುಗ ಕೇಳಿದ್ದು ಅದನ್ನೇ ಅಲ್ವಾ?

ಕಾಳುಮೆಣಸಿನ ಪ್ರಯೋಗ ನನಗೆ ಹಿಡಿಸುವುದಿಲ್ಲ. ಅಲ್ಲಿ ಓಡುವುದು ನೀರಿನ ಮೇಲ್ಮೈ ಎಳೆತ ಕಡಿಮೆಯಾಗಿದ್ದಕ್ಕೆ. ಅದಕ್ಕೂ ಕೊಳೆ-ಕ್ರಿಮಿ ಹೋಗುವುದಕ್ಕೂ ಸಂಬಂಧ ಇಲ್ಲ. ಮಗು ಕಲಿಯುವುದೇನು? ಸೋಪು ಮುಟ್ಟಿಸಿದರೆ ಸಾಕು, ಕ್ರಿಮಿ ತಾನೇ ಓಡುತ್ತದೆ ಅಂತ. ಉಜ್ಜುವುದೇ ಇಲ್ಲ! ಅದಕ್ಕಿಂತ ಅಂಗೈಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ, ಅದರ ಮೇಲೆ ಅದೇ ಅರಿಸಿನ. ಒಬ್ಬರು ಬರೀ ನೀರಲ್ಲಿ ತೊಳೆಯಲಿ, ಒಬ್ಬರು ಸೋಪು ಮುಟ್ಟಿಸಿ ಬಿಡಲಿ, ಒಬ್ಬರು ಇಪ್ಪತ್ತು ಎಣಿಸುವ ತನಕ ಉಜ್ಜಲಿ. ಬೆರಳ ಸಂದಿಯಲ್ಲಿ, ಉಗುರಿನ ಬುಡದಲ್ಲಿ ಹಳದಿ ಎಲ್ಲಿ ಉಳಿಯಿತು ಅಂತ ಅವರೇ ನೋಡುತ್ತಾರೆ. ಸೋಪು ಎಣ್ಣೆ ಜಿಡ್ಡನ್ನು ಬಿಡಿಸುವುದು ನಿಜ. ಕೊರೊನಾದಂಥ ವೈರಸ್ಸುಗಳ ಹೊರಗಿನ ಪೊರೆಯೂ ಕೊಬ್ಬಿನದ್ದೇ, ಸೋಪು ಅದನ್ನು ಒಡೆಯುತ್ತದೆ.

ಸೋಪು ನಲ್ಲಿಯ ಹತ್ತಿರ ಉಳಿಯುವುದಿಲ್ಲ ಅನ್ನುವವರಿಗೆ: ಹಳೇ ಸಾಕ್ಸಿನೊಳಗೆ ಹಾಕಿ ಕಟ್ಟಿ ನೇತುಹಾಕಿ. ಕಾಗೆಯೂ ಒಯ್ಯುವುದಿಲ್ಲ.

---

ಹಸಿರೆಲೆ

ಇಷ್ಟೆಲ್ಲ ಯಾಕೆ? ಅಮೃತಬಳ್ಳಿ ಕಷಾಯ ದಿನಾ ಕೊಟ್ಟರೆ ಮಕ್ಕಳ ರೋಗನಿರೋಧಕ ಶಕ್ತಿ ಡಬಲ್ ಆಗುತ್ತದೆ. ಯಾವ ಕಾಯಿಲೆಯೂ ಹತ್ತಿರ ಬರಲ್ಲ.

---

ಸಿಸ್ಟರ್ (ಸಾಗರ ಕಡೆ ಪಿಎಚ್‌ಸಿ)

ಡಬಲ್ ಆದರೆ ಒಳ್ಳೆಯದು ಅಂತ ಯಾರು ಹೇಳಿದರು? ಧೂಳಿಗೆ ಸೀನುವುದು, ಉಬ್ಬಸ, ಮೈಮೇಲೆ ಪಿತ್ತದ ಗಂಧೆ ಏಳುವುದು, ಇವೆಲ್ಲ ದೇಹದ ಕಾವಲು ಬೇಡದ ಕಡೆ ಜಾಸ್ತಿ ಕೆಲಸ ಮಾಡಿದ್ದರಿಂದಲೇ. ಬೇಕಾದದ್ದು ಗುರುತು ಹಿಡಿಯುವುದು. ಮಕ್ಕಳಿಗೆ ಹೊಟ್ಟೆ ತುಂಬ ಊಟ, ನಿದ್ದೆ, ಸಮಯಕ್ಕೆ ಲಸಿಕೆ, ಫೆಬ್ರವರಿ ಮತ್ತು ಆಗಸ್ಟಿನಲ್ಲಿ ಶಾಲೆಯಲ್ಲಿ ಕೊಡುವ ಜಂತುಹುಳದ ಮಾತ್ರೆ. ಟೀಚರ್, ನಿಮ್ಮ ಒಂದನೇ ಕ್ಲಾಸಿನವರಿಗೆ ಐದು ವರ್ಷದ ಡಿಪಿಟಿ (ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಲಸಿಕೆ) ಬೂಸ್ಟರ್ ಆಗಿದೆಯಾ ಅಂತ ತಾಯಿ ಕಾರ್ಡ್ ತರಿಸಿ ನೋಡಿ. ಬಹಳ ಜನ ಒಂದೂವರೆ ವರ್ಷದ್ದು ಮುಗಿಸಿ ಮರೆತುಬಿಡುತ್ತಾರೆ.

---

ನಲಿಕಲಿ ಟೀಚರ್ (ಹೊಸನಗರ ತಾಲೂಕು)

ಎಲ್ಲರಿಗೂ ಧನ್ಯವಾದ. ದಾರಿಯ ಆಟ ಆಡಿಸಿದೆ. ಅಂಗಳ ತುಂಬ ರಂಗೋಲಿ, ಅಡುಗೆಯವರಿಂದ ಬೈಗುಳ ಬೇರೆ. ಮಂಗನ ಕಾಯಿಲೆಯ ಚೀಟಿ ಹಿಡಿದವಳು ಅದೇ ಪುಟ್ಟಿ. ಮೊದಲು ಕೈಯ ದಾರಿಯಲ್ಲಿ ನಿಂತಳು. ಉಣುಗಿನ ಕಥೆ ಹೇಳಿದ ಮೇಲೆ ಆಚೆ ನಡೆದಳು. ಆದರೆ ನನಗೆ ಒಂದು ಪ್ರಶ್ನೆ ಎಸೆದೇ ನಡೆದದ್ದು: "ಅವನ ಅಂಗಿಯಲ್ಲಿ ಉಣುಗು ಇದ್ರೆ?" ನ್ಯಾಯವಾದ ಪ್ರಶ್ನೆ. ಈಗ ಕಾಡಿಗೆ ಹೋಗಿಬಂದ ಮೇಲೆ ಅಂಗಿ ಬದಲಿಸುವುದು ಎಲ್ಲರಿಗೂ ನಿಯಮ ಮಾಡಿದ್ದೇವೆ, ಅವನೊಬ್ಬನಿಗಲ್ಲ.

ಊಟಕ್ಕೆ ಈಗ ಅವನ ಎರಡೂ ಪಕ್ಕ ಮಕ್ಕಳಿರುತ್ತಾರೆ. ಒಬ್ಬ ತಾಯಿ ಮಾತ್ರ "ನಮ್ಮ ಮಗಳನ್ನು ಅಲ್ಲಿ ಕೂರಿಸಬೇಡಿ" ಅಂತಲೇ ಇದ್ದಾರೆ. ಎಸ್‌ಡಿಎಂಸಿ (ಶಾಲೆಯ ಮೇಲುಸ್ತುವಾರಿ ಸಮಿತಿ) ಸಭೆಗೆ ಆಶಾ ಕಾರ್ಯಕರ್ತೆಯನ್ನು ಕರೆದಿದ್ದೇನೆ, ನೋಡಬೇಕು.

ಡಿಪಿಟಿ ಕಾರ್ಡ್ ತರಿಸಿದೆ. ಸಿಸ್ಟರ್ ಹೇಳಿದ್ದು ಸರಿ, ಮೂವರದ್ದು ಬಾಕಿ ಇದೆ.

ರಟ್ಟಿನ ಆಟದಲ್ಲಿ ಒಂದು ಕಡೆ ಸಿಕ್ಕಿಹಾಕಿಕೊಂಡೆ ಮೇಷ್ಟ್ರೇ. ಮೂರನೇ ಕ್ಲಾಸಿನವನೊಬ್ಬ ಕೇಳಿದ, "ಒಂದು ಸಲ ಬಂದಮೇಲೆ ಗುರುತು ಸಿಗುತ್ತೆ ಅಂದ್ರಿ. ನನಗೆ ನೆಗಡಿ ಯಾಕೆ ಪ್ರತಿ ತಿಂಗಳು ಬರುತ್ತೆ?" ಅವನ ಮೂಗು ಆಗಲೂ ಸುರಿಯುತ್ತಿತ್ತು. ನಾಳೆ ಹೇಳುತ್ತೇನೆ ಅಂತ ಹೇಳಿ ಬಂದಿದ್ದೇನೆ.

---

ಹಳೇ ಮೇಷ್ಟ್ರು (ಸಿದ್ದಾಪುರ)

ಭಲೇ ಹುಡುಗ. ಅವನಿಗೆ ಹೀಗೆ ತೋರಿಸಿ. ದಡಾರದ್ದು ಒಂದೇ ತುಂಡು, ಅದರ ಅಂಚು ಬದಲಾಗುವುದಿಲ್ಲ. ಒಂದು ಸಲ ಗುರುತು ಹಿಡಿದರೆ ಸಾಮಾನ್ಯವಾಗಿ ಜೀವನಪೂರ್ತಿ ಸಾಕು. ನೆಗಡಿಗೆ ಒಂದು ವೈರಸ್ ಅಲ್ಲ. ಅದರಲ್ಲಿ ಮುಖ್ಯವಾದ ಒಂದು ಗುಂಪಿನಲ್ಲೇ ನೂರಕ್ಕೂ ಹೆಚ್ಚು ಬಗೆ ಇವೆ, ಒಂದೊಂದರ ಅಂಚೂ ಬೇರೆ. ಹಾಗಾಗಿ ಚೀಲದಿಂದ ಪ್ರತಿ ಸಲ ಹೊಸ ತುಂಡು ತೆಗೆಯಿರಿ, ಎಲ್ಲಕ್ಕೂ "ನೆಗಡಿ" ಅಂತಲೇ ಹೆಸರಿಡಿ. ನಾಲ್ಕನೇ ತುಂಡಿಗೆ ಅವನೇ "ಓ ಇದು ಬೇರೆ ನೆಗಡಿ" ಅಂತಾನೆ. ಫ್ಲೂ ಬಗ್ಗೆ ಕೇಳಿದರೆ, ಅದೇ ತುಂಡಿನ ಅಂಚನ್ನು ಕತ್ತರಿಯಲ್ಲಿ ಸ್ವಲ್ಪ ಸ್ವಲ್ಪ ಕತ್ತರಿಸುತ್ತಾ ಹೋಗಿ. ಹಳೇ ಜೋಡಿ ಅರ್ಧ ಮಾತ್ರ ಕೂರುತ್ತದೆ. ಅದಕ್ಕೇ ಆ ಲಸಿಕೆಯನ್ನು ವರ್ಷ ವರ್ಷ ಬದಲಿಸುವುದು.

ತುಂಡುಗಳು ಬಹಳ ಬೇಕಾಗುತ್ತವೆ. ಹಳೇ ಲಗ್ನಪತ್ರಿಕೆ ಕೂಡಿಡಿ, ದಪ್ಪ ಇರುತ್ತದೆ, ಸಣ್ಣ ಕತ್ತರಿಗೂ ಬಗ್ಗುತ್ತದೆ.